ಮಜ್ಜೆಯಲ್ಲಿನ ಬಿತ್ತನೆ ಕಾಳು

ರಕ್ತವನ್ನು ಕುರಿತು ಬರೆಯುವವರು ಮೂಳೆಯೊಳಗಿನ ಮಜ್ಜೆಯನ್ನು ಅಕ್ಷಯಪಾತ್ರೆಗೆ ಹೋಲಿಸುವುದು ವಾಡಿಕೆಯಾಗಿದೆ. ಹೋಲಿಕೆಗೆ ಆಧಾರವಿಲ್ಲದೆ ಇಲ್ಲ. ಆರೋಗ್ಯವಂತನಾದ ಮನುಷ್ಯನ ಮಜ್ಜೆಯಲ್ಲಿ ದಿನವೊಂದಕ್ಕೆ ಸುಮಾರು 20,000 ಕೋಟಿ ಕೆಂಪು ರಕ್ತಕಣಗಳು ಹುಟ್ಟುತ್ತವೆ. ಎಂದರೆ ಐದು ಸೆಕೆಂಡುಗಳಲ್ಲಿ ಒಂದು ಕೋಟಿಗೂ ಮಿಕ್ಕಿದ ಹೊಸ ಕಣಗಳು ರಕ್ತಪ್ರವಾಹವನ್ನು ಸೇರುತ್ತವೆ. ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ರಕ್ತ ಹೆಪ್ಪುಗಟ್ಟಲು ನೆರವಾಗುವ ಕಿರುಬಿಲ್ಲೆಗಳು ಹತ್ತು ದಿನಗಳೊಳಗೇ ಸಾಯುತ್ತವೆ. ಬಿಳಿಯ ಕಣಗಳಲ್ಲಿ ಕೆಲವು ಜಾತಿಗಳಿಗೆ ಅಷ್ಟು ಆಯುಸ್ಸೂ ಇಲ್ಲ. ಈ ನಷ್ಟವನ್ನೆಲ್ಲ ಮಜ್ಜೆಯು ಹುಟ್ಟಿನಿಂದ ಸಾವಿನವರೆಗೆ ತುಂಬಿಕೊಡುತ್ತಲೇ ಇರುತ್ತದೆ. ಹೀಗಿರುವಾಗ ಅಕ್ಷಯಪಾತ್ರೆಯ ನೆನಪು ಬರುವುದು ಸಹಜವೇ ಸರಿ.

ಆದರೂ ಈ ಹೋಲಿಕೆಯನ್ನು ನಾವು ಕೈಬಿಡಬೇಕೆಂದು ನಮಗೆ ತೋರುತ್ತದೆ. ಕಳೆದ ಕೆಲವು ದಶಕಗಳ ಸಂಶೋಧನೆಯು ಮಜ್ಜೆಯ ವಿಷಯದಲ್ಲಿ ತಿಳಿಸಿಕೊಟ್ಟಿರುವ ಸಂಗತಿ ಬೇರೆ. ರಕ್ತಕ್ಕೆ ಮೂಲವಾದ ಜೀವಕೋಶಗಳು ಅಕ್ಷಯವೂ ಅಲ್ಲ, ಅಮರವೂ ಅಲ್ಲ. ಅವು ಎಣಿಕೆಗೆ ಸಿಕ್ಕುವಷ್ಟು ಕಡಮೆ. ಅವುಗಳ ತಾಳ್ಮೆಗೂ ಒಂದು ಮಿತಿಯುಂಟು. ರೈತನು ಬರಗಾಲದಲ್ಲಿಯೂ ಮುಟ್ಟದೆ ತೆಗೆದಿಡುವ ಬಿತ್ತನೆ ಕಾಳಿಗೆ ಅವನ್ನು ಹೋಲಿಸುವುದು ಹೆಚ್ಚು ಉಚಿತ. ಇದು ಕೇವಲ ಉಪಮಾನದ ಜಗಳವಲ್ಲ. ಅಕ್ಷಯಪಾತ್ರೆಯೆಂಬ ಭಾವನೆಯಿಂದಲೇ ಹಲವು ತಪ್ಪು ನಡೆಗಳು ಹುಟ್ಟುತ್ತಿವೆ. ಅವುಗಳ ಪರಿಣಾಮವನ್ನು ಅನುಭವಿಸುವವರು ರೋಗಿಗಳೂ ಅವರ ಮನೆಯವರೂ ಆಗಿದ್ದಾರೆ.

ಮೊದಲು ಈ ಮೂಲಕೋಶಗಳ ಅರಿವು ನಮಗೆ ಹೇಗಾಯಿತೆಂಬುದನ್ನು ನೋಡೋಣ. ರಕ್ತಕಣಗಳು ಹುಟ್ಟುವುದು ಮಜ್ಜೆಯಲ್ಲಿ ಎಂದು 1868ರಲ್ಲಿ ಜರ್ಮನಿಯ ಅರ್ನ್ಸ್ಟ್ ನಾಯ್‌ಮನ್ ಮತ್ತು ಇಟಲಿಯ ಜೂಲಿಯೊ ಬಿಜೊಜೆರೊ ಎಂಬ ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಸಾರಿದರು. ಎಲ್ಲ ಬಗೆಯ ರಕ್ತಕಣಗಳಿಗೂ ಒಂದೇ ಜಾತಿಯ ಕೋಶ ಮೂಲವಾಗಿರಬೇಕೆಂದು ರಷ್ಯದ ಅಲೆಕ್ಸಾಂಡರ್ ಮ್ಯಾಕ್ಸಿಮೋವ್ 1909ರಲ್ಲಿ ವಾದಿಸಿದನು. ಇಂಥ ಕೋಶಕ್ಕೆ ಇಂಗ್ಲಿಷಿನಲ್ಲಿ ಸ್ಟೆಮ್ ಸೆಲ್ ಎಂದು ಹೆಸರು, ಕನ್ನಡದಲ್ಲಿ ಆಕರಕೋಶವೆನ್ನುತ್ತೇವೆ. ಆದರೆ ವಾದಕ್ಕೆ ಪ್ರಮಾಣ ದೊರೆಯಲು ಇನ್ನೂ ಅರ್ಧ ಶತಮಾನ ಕಾಯಬೇಕಾಯಿತು. ಆ ಪ್ರಮಾಣ ಬಂದ ದಾರಿ ದುಃಖದ ದಾರಿ.

1945ರ ಆಗಸ್ಟಿನಲ್ಲಿ ಹಿರೋಷಿಮ ಮತ್ತು ನಾಗಸಾಕಿ ನಗರಗಳ ಮೇಲೆ ಪರಮಾಣು ಬಾಂಬುಗಳು ಬಿದ್ದ ಮೇಲೆ, ಸ್ಫೋಟದಿಂದಲೂ ಬೆಂಕಿಯಿಂದಲೂ ಪಾರಾಗಿದ್ದ ಅನೇಕರು ಕೆಲವು ವಾರಗಳ ಅನಂತರ ರಕ್ತಸ್ರಾವದಿಂದ, ಸೋಂಕುಗಳಿಂದ ಸತ್ತರು. ವಿಕಿರಣವು ಅವರ ಮಜ್ಜೆಯನ್ನು ಬರಿದುಮಾಡಿತ್ತು. ಇದ್ದ ರಕ್ತಕಣಗಳು ಆಯುಸ್ಸು ತೀರಿ ಸತ್ತಮೇಲೆ ಅವುಗಳ ಸ್ಥಾನಕ್ಕೆ ಬರುವವರಿರಲಿಲ್ಲ. ಈ ಮರಣಗಳಿಗೆ ತಡೆಯೇನೆಂಬ ಪ್ರಶ್ನೆ ವಿಜ್ಞಾನಿಗಳನ್ನು ಕಾಡತೊಡಗಿತು. 1949ರಲ್ಲಿ ಅಮೆರಿಕದ ಲಿಯಾನ್ ಜೇಕಬ್‌ಸನ್, ಇಲಿಯ ಗುಲ್ಮವನ್ನು ಮಾತ್ರ ಸೀಸದಿಂದ ಮುಚ್ಚಿ ಉಳಿದ ಶರೀರಕ್ಕೆ ಮಾರಕ ಪ್ರಮಾಣದ ಕ್ಷ-ಕಿರಣಗಳನ್ನು ಹಾಯಿಸಿದಾಗ ಆ ಇಲಿ ಬದುಕುವುದೆಂದು ತೋರಿಸಿದರು. ಇಲಿಗಳಲ್ಲಿ ಗುಲ್ಮವೂ ರಕ್ತವನ್ನು ಉತ್ಪಾದಿಸುವ ಅಂಗ. 1951ರಲ್ಲಿ ಈಗಾನ್ ಲೊರೆಂಜ್ ಮತ್ತು ಸಂಗಡಿಗರು, ವಿಕಿರಣಕ್ಕೆ ಗುರಿಯಾದ ಪ್ರಾಣಿಗೆ ಆರೋಗ್ಯವಂತ ಪ್ರಾಣಿಯ ಮಜ್ಜೆಯನ್ನು ಚುಚ್ಚಿ ಅದನ್ನು ಉಳಿಸಿದರು. ಕೊನೆಗೆ 1961ರಲ್ಲಿ ಕೆನಡದ ಟೊರಾಂಟೊ ನಗರದ ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕುಲಕ್, ಹೀಗೆ ಮಜ್ಜೆಯನ್ನು ಪಡೆದ ಇಲಿಗಳ ಗುಲ್ಮದ ಮೇಲೆ ಹತ್ತು ದಿನಗಳಲ್ಲಿ ಸಣ್ಣ ಗಂಟುಗಳು ಏಳುವುದನ್ನು ಕಂಡು ಎಣಿಸಿದರು. ಒಂದೊಂದು ಗಂಟೂ ಒಂದೊಂದೇ ಕೋಶದ ಸಂತಾನವೆಂಬುದು 1963ರಲ್ಲಿ ಸಿದ್ಧವಾಯಿತು. ಮಜ್ಜೆಯ ಸುಮಾರು ಹತ್ತು ಸಾವಿರ ಕೋಶಗಳಲ್ಲಿ ಒಂದಕ್ಕೆ ಮಾತ್ರ ಈ ಶಕ್ತಿಯಿದ್ದಿತು. ನಿಜವಾದ ಆಕರಕೋಶ ಅದಕ್ಕಿಂತಲೂ ವಿರಳವೆಂದು ಮುಂದಿನ ಸಂಶೋಧನೆ ತಿಳಿಸಿತು.

ಹಾಗಾದರೆ ಇಷ್ಟು ವಿರಳವಾದ ಕೋಶಗಳು ಜ್ವರ, ಗಾಯ, ವಿಷ, ವಿಕಿರಣ ಇವುಗಳ ನಡುವೆ ಎಪ್ಪತ್ತು ಎಂಬತ್ತು ವರ್ಷ ಬಾಳುವುದು ಹೇಗೆ? ನಮ್ಮ ವಿದ್ಯಾರ್ಥಿ ಮಿತ್ರರು ಅವುಗಳಿಗೆ ಅಸಾಧಾರಣವಾದ ಚೈತನ್ಯವಿರಬೇಕೆಂದು ಊಹಿಸಬಹುದು. ನಿಜಸ್ಥಿತಿ ಇದಕ್ಕೆ ವಿರುದ್ಧವಾಗಿದೆ. ಅವು ಬಾಳುವುದು ಬಹಳ ಮಟ್ಟಿಗೆ ಸುಮ್ಮನಿರುವುದರಿಂದ. 2008ರಲ್ಲಿ ಆಂಡ್ರಿಯಾಸ್ ಟ್ರುಂಪ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಲೆಕ್ಕದಂತೆ, ಇಲಿಯ ಮಜ್ಜೆಯಲ್ಲಿ ಗಾಢನಿದ್ರೆಯಲ್ಲಿರುವ ಆಕರಕೋಶವು ಸುಮಾರು 145 ದಿನಗಳಿಗೊಮ್ಮೆ ಮಾತ್ರ ವಿಭಜಿಸುತ್ತದೆ. ಇಲಿಯ ಇಡೀ ಜೀವಮಾನದಲ್ಲಿ ಐದು ಸಾರಿ ಮಾತ್ರ! ನಿತ್ಯದ ದುಡಿಮೆಯನ್ನೆಲ್ಲ ಇವುಗಳಿಂದ ಹುಟ್ಟಿದ ಮಧ್ಯಂತರ ಕೋಶಗಳು ವಹಿಸಿಕೊಳ್ಳುತ್ತವೆ. ಆಕರಕೋಶವು ಒಂದು ಸಾರಿ ವಿಭಜಿಸಿದರೆ ಮಧ್ಯಂತರ ಕೋಶಗಳು ಹಲವು ಸಾರಿ ವಿಭಜಿಸಿ ಆ ಒಂದನ್ನು ಸಾವಿರಾರು ಪಟ್ಟು ಹೆಚ್ಚಿಸುತ್ತವೆ.

ಈ ನಿದ್ರೆಯೇ ರಕ್ಷೆ. ಕ್ಯಾನ್ಸರಿಗೆ ಕೊಡುವ 5-ಫ್ಲೂರೊಯುರಾಸಿಲ್ ಎಂಬ ಔಷಧವು ವಿಭಜಿಸುತ್ತಿರುವ ಕೋಶಗಳನ್ನು ಹುಡುಕಿ ಕೊಲ್ಲುತ್ತದೆ. ಮಜ್ಜೆಯ ದುಡಿಯುವ ಕೋಶಗಳು ಅದಕ್ಕೆ ಬಲಿಯಾಗುತ್ತವೆ. ಮಲಗಿರುವ ಆಕರಕೋಶಗಳು ಉಳಿದು, ಅನಂತರ ಎದ್ದು, ಮಜ್ಜೆಯನ್ನು ಮತ್ತೆ ತುಂಬುತ್ತವೆ. ಸೋಂಕು ತಗುಲಿದಾಗ ಶರೀರದಲ್ಲಿ ಹುಟ್ಟುವ ಇಂಟರ್‌ಫೆರಾನ್ ಎಂಬ ವಸ್ತು ಇವನ್ನು ಎಚ್ಚರಿಸಬಲ್ಲುದು. 2009ರಲ್ಲಿ ನಡೆದ ಒಂದು ಪ್ರಯೋಗದಲ್ಲಿ ಇಲಿಗಳಿಗೆ ಮೊದಲು ಇಂಟರ್‌ಫೆರಾನ್ ಕೊಟ್ಟು ಆಕರಕೋಶಗಳನ್ನು ಎಬ್ಬಿಸಿ ಅನಂತರ ಅದೇ ಔಷಧವನ್ನು ಕೊಟ್ಟರು. ನಿದ್ರೆಯಲ್ಲಿ ಔಷಧದಿಂದ ಪಾರಾಗುತ್ತಿದ್ದ ಕೋಶಗಳು ಎಚ್ಚರದಲ್ಲಿ ಅದಕ್ಕೆ ಬಲಿಯಾದುವು. ಕೋಶವೂ ಅದೇ, ಔಷಧವೂ ಅದೇ; ವ್ಯತ್ಯಾಸ ನಿದ್ರೆಯೊಂದೇ.

ಮಲಗುವುದಕ್ಕೆ ತಕ್ಕ ಜಾಗವೂ ಬೇಕಷ್ಟೆ. ಆಕರಕೋಶವು ಮಜ್ಜೆಯಲ್ಲಿ ಎಲ್ಲೆಂದರಲ್ಲಿ ಇರದೆ, ಸುತ್ತಲಿನ ಕೋಶಗಳು ಅದನ್ನು ಹದದಲ್ಲಿಡುವ ವಿಶೇಷ ಗೂಡುಗಳಲ್ಲಿ ನೆಲಸುತ್ತದೆಂದು 1978ರಲ್ಲಿ ಇಂಗ್ಲೆಂಡಿನ ರೇಮಂಡ್ ಸ್ಕೋಫೀಲ್ಡ್ ಸೂಚಿಸಿದರು. ಅಂಥ ಗೂಡುಗಳಿರುವುದು ಈಗ ನಿಸ್ಸಂದೇಹ. ಮಜ್ಜೆಯಲ್ಲಿ ಆಮ್ಲಜನಕದ ಪ್ರಮಾಣ ಕಡಮೆ. ನಮ್ಮ ಹಳ್ಳಿಗಳಲ್ಲಿ ಹಿಂದೆ ಧಾನ್ಯವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದುದು ವಾಚಕರಲ್ಲಿ ಕೆಲವರಿಗಾದರೂ ತಿಳಿದಿರಬಹುದು. ಗಾಳಿಯಾಡದ ಆ ಕತ್ತಲೆಯಲ್ಲಿ ಹುಳುಗಳು ಬಾಳಲಾರವಾದ್ದರಿಂದ ಕಾಳು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಆಕರಕೋಶದಲ್ಲಿ ನಡೆಯುವುದೂ ಇಂಥದೇ ಮಿತವ್ಯಯ. ಅದು ಆಮ್ಲಜನಕವನ್ನು ಬಳಸಿ ಮೈಟೊಕಾಂಡ್ರಿಯಗಳಲ್ಲಿ ಸಕ್ಕರೆಯನ್ನು ಪೂರ್ತಿ ಉರಿಸುವುದಕ್ಕೆ ಬದಲಾಗಿ, ಆಮ್ಲಜನಕವಿಲ್ಲದೆ ಅರ್ಧಕ್ಕೆ ಒಡೆದು ಸ್ವಲ್ಪ ಶಕ್ತಿಯಲ್ಲಿ ತೃಪ್ತಿಪಡುತ್ತದೆ. ಪೂರ್ತಿ ಉರಿಸಿದರೆ ಶಕ್ತಿಯೇನೋ ಹೆಚ್ಚು ಸಿಕ್ಕುತ್ತದೆ. ಅದರ ಜೊತೆಗೆ ಆಮ್ಲಜನಕದ ಉಗ್ರರೂಪಗಳೂ ಹುಟ್ಟಿ ಡಿ.ಎನ್.ಎ.ಯನ್ನು ಕೊರೆಯುತ್ತವೆ. ಕಡಮೆ ಆಮ್ಲಜನಕಕ್ಕೆ ಕೋಶವನ್ನು ಹೊಂದಿಸುವ ಪ್ರೋಟೀನನ್ನು ಇಲಿಗಳಿಂದ ತೆಗೆದುಹಾಕಿದಾಗ ಆಕರಕೋಶಗಳು ನಿದ್ರೆಯನ್ನು ಕಳೆದುಕೊಂಡು ಬಳಲಿದುವೆಂದು 2010ರಲ್ಲಿ ಜಪಾನಿನ ಸಂಶೋಧಕರು ವರದಿ ಮಾಡಿದರು.

ಇದರೊಡನೆ ಮನೆವಾರ್ತೆಯ ಇನ್ನೆರಡು ಏರ್ಪಾಡುಗಳಿವೆ. ಮೊದಲನೆಯದು, ಆಕರಕೋಶವು ಪ್ರೋಟೀನುಗಳನ್ನು ಇತರ ರಕ್ತಕೋಶಗಳಿಗಿಂತ ನಿಧಾನವಾಗಿ ತಯಾರಿಸುತ್ತದೆ. ಅವಸರದ ಕೆಲಸದಲ್ಲಿ ತಪ್ಪುಗಳು ಹೆಚ್ಚುವುದರಿಂದ ಈ ನಿಧಾನ ಅದಕ್ಕೆ ಅಗತ್ಯವಾಗಿದೆ. 2014ರಲ್ಲಿ ಅಮೆರಿಕದ ಶಾನ್ ಮಾರಿಸನ್ ಅವರ ತಂಡ ಇದನ್ನು ಅಳೆದು ತೋರಿಸಿತು. ಎರಡನೆಯದು, ಆಹಾರ ದೊರೆಯದ ಕಾಲದಲ್ಲಿ ಕೋಶವು ತನ್ನಲ್ಲಿನ ಹಳೆಯ, ಕೆಟ್ಟ ಭಾಗಗಳನ್ನೇ ಜೀರ್ಣಿಸಿಕೊಂಡು ಬದುಕುತ್ತದೆ. ಆಟೊಫೇಜಿ ಎಂಬ ಈ ಸ್ವಭಕ್ಷಣ ಕ್ರಿಯೆಯು ಆಕರಕೋಶವನ್ನು ಉಪವಾಸದ ಸಂಕಟದಿಂದ ಪಾರುಮಾಡುತ್ತದೆಂದು 2013ರಲ್ಲಿ ಎಮನ್ಯುಯೆಲ್ ಪಸೆಗೆ ಅವರ ತಂಡ ತಿಳಿಸಿತು. ಹೀಗೆ ಆಕರಕೋಶದ ಸಹನಶಕ್ತಿಯೆಂಬುದು ನಿದ್ರೆ, ಮಿತವ್ಯಯ, ನಿಧಾನ, ಶುಚಿತ್ವ ಇವುಗಳ ಮೊತ್ತವಾಗಿದೆ.

ಈ ಶಕ್ತಿ ಎಷ್ಟು ದೊಡ್ಡದೆಂಬುದಕ್ಕೆ ಒಂದು ನಿದರ್ಶನವನ್ನು ಕೊಡಬಹುದು. 1986ರ ಏಪ್ರಿಲ್ 26ರಂದು ಚೆರ್ನೊಬಿಲ್ ಪರಮಾಣು ಸ್ಥಾವರದಲ್ಲಿ ನಡೆದ ದುರಂತದಲ್ಲಿ ಅತಿ ಹೆಚ್ಚು ವಿಕಿರಣಕ್ಕೆ ಗುರಿಯಾದ 13 ಜನರಿಗೆ ಬೇರೆಯವರ ಮಜ್ಜೆಯನ್ನು ಕಸಿಮಾಡಲಾಯಿತು. ಅವರ ಸ್ವಂತ ಮಜ್ಜೆ ಪೂರ್ತಿ ನಾಶವಾಗಿದೆಯೆಂದು ಚಿಕಿತ್ಸಕರು ಭಾವಿಸಿದ್ದರು. ಆದರೆ ಅವರಲ್ಲಿ ಹಲವರಲ್ಲಿ ಕಸಿ ಕೆಲಕಾಲ ಮಾತ್ರ ನಿಂತು, ಅನಂತರ ರೋಗಿಯ ಸ್ವಂತ ಮಜ್ಜೆಯೇ ಮತ್ತೆ ತಲೆಯೆತ್ತಿತು. ಅಷ್ಟು ಘೋರವಾದ ಆಘಾತದಲ್ಲಿಯೂ ಎಲ್ಲಿಯೋ ಕೆಲವು ಆಕರಕೋಶಗಳು ಜೀವ ಹಿಡಿದುಕೊಂಡಿದ್ದುವು. ಆದರೂ ಆ ಹದಿಮೂವರಲ್ಲಿ ಮೂರು ವರ್ಷಗಳ ಅನಂತರ ಬದುಕಿದ್ದವರು ಇಬ್ಬರೇ. ಸುಟ್ಟಗಾಯಗಳು, ಶ್ವಾಸಕೋಶದ ಮತ್ತು ಮೂತ್ರಪಿಂಡದ ವೈಫಲ್ಯ, ಕಸಿಯಿಂದಲೇ ಹುಟ್ಟಿದ ತೊಡಕು ಇವು ಉಳಿದವರನ್ನು ಕೊಂದುವು. ಮಜ್ಜೆಯ ಆಕರಕೋಶಗಳು ಉಳಿದ ಮಾತ್ರಕ್ಕೆ ಮನುಷ್ಯನು ಉಳಿಯುವನೆಂದು ತಿಳಿಯಬಾರದು.

ಇಲ್ಲಿಂದ ಮುಂದಿನ ಸಂಗತಿಯೇ ನಮ್ಮ ವಾದಕ್ಕೆ ಮುಖ್ಯವಾದುದು. ಬದುಕಿ ಉಳಿಯುವುದಕ್ಕೆ ಕೋಶವು ಬೆಲೆ ತೆರಬೇಕಾಗುತ್ತದೆ. ವಿಕಿರಣದಿಂದ ಡಿ.ಎನ್.ಎ. ಎಳೆ ತುಂಡಾದಾಗ ಕೋಶದ ಮುಂದೆ ಎರಡು ದಾರಿಗಳಿರುತ್ತವೆ: ತುಂಡನ್ನು ಹೇಗಾದರೂ ಜೋಡಿಸಿಕೊಂಡು ಬದುಕುವುದು, ಇಲ್ಲವೆ ತಾನೇ ಸಾಯುವುದು. ಇಲಿಯ ನಿದ್ರಿಸುವ ಆಕರಕೋಶವು ಮೊದಲನೆಯ ದಾರಿಯನ್ನು ಹಿಡಿಯುತ್ತದೆಂದು 2010ರಲ್ಲಿ ತಿಳಿದುಬಂದಿತು. ತುದಿಗೆ ತುದಿಯನ್ನು ಒತ್ತಿ ಅಂಟಿಸುವ ಆ ವಿಧಾನ ತ್ವರಿತವಾದುದು. ಆದರೆ ಅಲ್ಲಲ್ಲಿ ಅಕ್ಷರಗಳು ಬಿಟ್ಟುಹೋಗುತ್ತವೆ. ಅದೇ ವರ್ಷ ಮನುಷ್ಯನ ಹೊಕ್ಕುಳಬಳ್ಳಿಯ ರಕ್ತದಿಂದ ತೆಗೆದ ಆಕರಕೋಶಗಳನ್ನು ಪರೀಕ್ಷಿಸಿದ ಮತ್ತೊಂದು ತಂಡಕ್ಕೆ ಬೇರೆಯೇ ಫಲಿತಾಂಶ ದೊರೆಯಿತು. ಅವು ಪೆಟ್ಟು ತಿಂದಾಗ ಸಾಯುವ ಕಡೆಗೇ ಹೆಚ್ಚಾಗಿ ವಾಲಿದುವು. ಎರಡು ವರ್ಷ ಬಾಳುವ ಇಲಿಗೆ ಅರೆಕೊರೆ ದುರಸ್ತಿ ಸಾಕಾಗಬಹುದು; ದೀರ್ಘಾಯುವಾದ ಮನುಷ್ಯನಿಗೆ ಆ ತಪ್ಪುಗಳು ಮುಂದೆ ಕ್ಯಾನ್ಸರಾಗಿ ಬೆಳೆಯುವ ಭಯವುಂಟು ಎಂದು ನಾವು ಇದಕ್ಕೆ ಅರ್ಥ ಹೇಳಬಹುದು. ಇಲಿಯಲ್ಲಿ ಕಂಡುದನ್ನೆಲ್ಲ ಮನುಷ್ಯನಿಗೆ ಹಾಗೆಯೇ ಅನ್ವಯಿಸಬಾರದೆಂಬ ಎಚ್ಚರಿಕೆಯೂ ಇದರಲ್ಲಿ ಅಡಗಿದೆ.

ಮನುಷ್ಯನಲ್ಲಿಯೂ ತಪ್ಪುಗಳು ಸಂಗ್ರಹವಾಗದೆ ಇರುವುದಿಲ್ಲ. ಹುಟ್ಟಿದಂದಿನಿಂದ ಒಂದೊಂದು ಆಕರಕೋಶದಲ್ಲಿಯೂ ವರ್ಷಕ್ಕೆ ಸುಮಾರು 17 ಉತ್ಪರಿವರ್ತನೆಗಳು ಸೇರುತ್ತವೆಂದು 2022ರಲ್ಲಿ ಇಂಗ್ಲೆಂಡಿನಲ್ಲಿ ಲೆಕ್ಕ ಮಾಡಿದ್ದಾರೆ. ಅವುಗಳಲ್ಲಿ ಬಹುಪಾಲು ನಿರುಪದ್ರವಿಗಳು. ಎಲ್ಲೋ ಒಂದು ಉತ್ಪರಿವರ್ತನೆ ಮಾತ್ರ ಕೋಶಕ್ಕೆ ನೆರೆಯವುಗಳಿಗಿಂತ ಹೆಚ್ಚಿನ ತಾಳಿಕೆಯನ್ನು ಕೊಡುತ್ತದೆ. ಆಗ ಆ ಕೋಶದ ವಂಶ ವರ್ಷದಿಂದ ವರ್ಷಕ್ಕೆ ಹರಡಿಕೊಳ್ಳುತ್ತದೆ. ನಡುವಯಸ್ಸಿನವರ ರಕ್ತಕ್ಕೆ ಹತ್ತಾರು ಸಾವಿರ ಆಕರಕೋಶಗಳು ಕಾಣಿಕೆ ಸಲ್ಲಿಸುತ್ತಿದ್ದರೆ, 75 ವರ್ಷ ದಾಟಿದವರ ರಕ್ತದಲ್ಲಿ ನೂರಕ್ಕೆ 30ರಿಂದ 60 ಪಾಲು ಕೇವಲ 12ರಿಂದ 18 ವಂಶಗಳಿಂದ ಬಂದುದಾಗಿತ್ತೆಂದು ಅದೇ ಅಧ್ಯಯನ ತೋರಿಸಿತು. 2005ರಲ್ಲಿ 115ನೆಯ ವಯಸ್ಸಿನಲ್ಲಿ ತೀರಿಕೊಂಡ ಹಾಲೆಂಡಿನ ಮುದುಕಿಯೊಬ್ಬರ ರಕ್ತವನ್ನು ಪರೀಕ್ಷಿಸಿದಾಗ, ಅವರ ಬಿಳಿಯ ಕಣಗಳಲ್ಲಿ ಬಹುಪಾಲು ಎರಡೇ ಆಕರಕೋಶಗಳ ಸಂತತಿಯಾಗಿದ್ದುವು. ಬಿತ್ತನೆ ಕಾಳು ಅಲ್ಲಿ ಬಹುಮಟ್ಟಿಗೆ ಮುಗಿದಿತ್ತು.

ಹೀಗೆ ಹಬ್ಬುವ ವಂಶಗಳಿಂದ ಅಪಾಯವೂ ಉಂಟು. ಎಪ್ಪತ್ತು ದಾಟಿದವರಲ್ಲಿ ಹತ್ತರಲ್ಲೊಬ್ಬರಲ್ಲಾದರೂ ಅವು ಕಾಣಸಿಗುತ್ತವೆಂದೂ, ಅಂಥವರಲ್ಲಿ ರಕ್ತದ ಕ್ಯಾನ್ಸರೂ ಹೃದ್ರೋಗವೂ ಹೆಚ್ಚೆಂದೂ 2014ರಲ್ಲಿ ವರದಿಗಳು ಬಂದುವು. ಕ್ಯಾನ್ಸರಿಗೆ ತಿರುಗುವವರು ವರ್ಷಕ್ಕೆ ನೂರಕ್ಕೆ ಒಬ್ಬರಷ್ಟೇ. ಆದ್ದರಿಂದ ಗಾಬರಿಗೆ ಕಾರಣವಿಲ್ಲ. ಆದರೆ ‘ಕೋಶವು ಹೆಚ್ಚು ತಾಳಿದಷ್ಟೂ ಒಳ್ಳೆಯದು’ ಎಂಬ ಸರಳ ನಂಬಿಕೆಗೆ ಇದು ಸಾಕಷ್ಟು ಉತ್ತರವಾಗಿದೆ. ಕೆಟ್ಟ ಕೋಶವೂ ತಾಳುತ್ತದೆ. ಕೆಲವೊಮ್ಮೆ ಒಳ್ಳೆಯದಕ್ಕಿಂತ ಚೆನ್ನಾಗಿ ತಾಳುತ್ತದೆ.

ಹಾಗಾದರೆ ಆಕರಕೋಶಗಳನ್ನು ಸದಾ ಮಲಗಿಸಿಯೇ ಇಡಬೇಕೆ ಎಂದು ಯಾರಾದರೂ ಕೇಳಬಹುದು. ಅದೂ ಸಲ್ಲದು. ತೀವ್ರವಾದ ರಕ್ತಸ್ರಾವವಾದಾಗ, ದೊಡ್ಡ ಸೋಂಕು ತಗುಲಿದಾಗ ಅವು ಎದ್ದು ದುಡಿಯಬೇಕು. ಬಿತ್ತುವ ಕಾಲದಲ್ಲಿ ಕಾಳನ್ನು ಹೊರತೆಗೆಯದವನೂ ಉಪವಾಸ ಬೀಳುತ್ತಾನೆ. ಆದರೆ ಕೆಲಸ ಮುಗಿದ ಮೇಲೆ ಅವು ಮತ್ತೆ ನಿದ್ರೆಗೆ ಮರಳಬೇಕು. ಇಲಿಗಳಲ್ಲಿ ಅವನ್ನು ಮೇಲಿಂದ ಮೇಲೆ ಎಬ್ಬಿಸಿದಾಗ ಡಿ.ಎನ್.ಎ.ಗೆ ಹಾನಿಯಾಯಿತೆಂದೂ, ದುರಸ್ತಿಯ ಶಕ್ತಿ ಹುಟ್ಟಿನಿಂದಲೇ ಕುಂದಿದ ಇಲಿಗಳಲ್ಲಿ ಮಜ್ಜೆಯೇ ಕುಸಿಯಿತೆಂದೂ 2015ರ ಒಂದು ಪ್ರಯೋಗ ತೋರಿಸಿದೆ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಇಂದಿನ ಪೇಟೆಯ ಕಡೆಗೆ ನೋಡಬೇಕು. ‘ನಿಮ್ಮ ಆಕರಕೋಶಗಳನ್ನು ಚುರುಕುಗೊಳಿಸುತ್ತೇವೆ’ ಎಂದು ಮಾತ್ರೆ ಮತ್ತು ಪುಡಿಗಳನ್ನು ಮಾರುವವರಿದ್ದಾರೆ. ಮಲಗಿರುವುದರಿಂದಲೇ ಉಳಿದಿರುವ ಕೋಶವನ್ನು ಕಾರಣವಿಲ್ಲದೆ ಚುರುಕುಗೊಳಿಸುವುದು ಲಾಭವೆಂದು ಯಾರು ಹೇಳಿದರು? ಎ ಜೀವಸತ್ತ್ವದಿಂದ ಹುಟ್ಟುವ ರೆಟಿನಾಯಿಕ್ ಆಮ್ಲವು ಇಲಿಗಳ ಆಕರಕೋಶಗಳ ನಿದ್ರೆಗೆ ಅಗತ್ಯವೆಂದು 2017ರಲ್ಲಿ ಪ್ರಕಟವಾಯಿತು. ಇದನ್ನೋದಿ ಆ ಜೀವಸತ್ತ್ವದ ಮಾತ್ರೆಗಳನ್ನು ಮಿತಿಮೀರಿ ನುಂಗಿದರೆ ಪಿತ್ತಜನಕಾಂಗ ಕೆಡುವುದೇ ಫಲ. ಇದಕ್ಕಿಂತ ಗಂಭೀರವಾದುದು, ಆಕರಕೋಶದ ಹೆಸರಿನಲ್ಲಿ ಗುಣವಾಗದ ರೋಗಗಳಿಗೆಲ್ಲ ಚುಚ್ಚುಮದ್ದು ಕೊಟ್ಟು ಲಕ್ಷಗಟ್ಟಲೆ ಹಣ ಕೀಳುವ ವ್ಯಾಪಾರ. ಮಜ್ಜೆಯ ಆಕರಕೋಶಗಳ ಕಸಿಗೆ ರಕ್ತಸಂಬಂಧವಾದ ಕೆಲವು ರೋಗಗಳಲ್ಲಿ ಮಾತ್ರ ಅಂಗೀಕಾರವಿದೆ, ಉಳಿದೆಡೆ ಅದು ವಿಧಿಬದ್ಧವಾದ ಪ್ರಯೋಗದ ಹೊರಗೆ ನಡೆಯಕೂಡದು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು 2017ರ ಮಾರ್ಗಸೂಚಿಯಲ್ಲಿ ಸ್ಪಷ್ಟಪಡಿಸಿದೆ. ಅಕ್ಷಯಪಾತ್ರೆಯ ಕಲ್ಪನೆ ಇರುವವರೆಗೆ ಈ ವ್ಯಾಪಾರಕ್ಕೆ ಗಿರಾಕಿಗಳು ತಪ್ಪುವುದಿಲ್ಲ.

ಬಿತ್ತನೆ ಕಾಳನ್ನು ಕಾಯುವ ನಿಜವಾದ ಉಪಾಯಗಳು ಅಗ್ಗವಾದುವು, ಆಕರ್ಷಕವಲ್ಲದವು. ಧೂಮಪಾನಿಗಳಲ್ಲಿ ಮೇಲೆ ಹೇಳಿದ ವಿಕೃತ ವಂಶಗಳು ಹೆಚ್ಚಾಗಿ ಕಂಡುಬರುತ್ತವೆ. ತರುಣರು ಸಿಗರೇಟನ್ನು ಮುಟ್ಟದಿರಲು ಇದೂ ಒಂದು ಕಾರಣ. ಬೆಂಜೀನ್ ಆವಿ ಮಜ್ಜೆಗೆ ವಿಷವೆಂಬುದೂ ರಕ್ತದ ಕ್ಯಾನ್ಸರನ್ನು ತರುವುದೆಂಬುದೂ ಬಹುಕಾಲದಿಂದ ಸಿದ್ಧವಾದ ಸಂಗತಿ. ಅದರ ನಡುವೆ ದುಡಿಯುವ ಕಾರ್ಮಿಕರಿಗೆ ಶುದ್ಧವಾದ ಗಾಳಿಯನ್ನು ಒದಗಿಸುವುದು ದಯೆಯಲ್ಲ, ಕರ್ತವ್ಯ.

ಕೊನೆಯದಾಗಿ ಒಂದು ಸಂದೇಹವನ್ನು ಪರಿಹರಿಸಬೇಕು. ಕಾಳು ಮಿತವಾದುದೆಂದ ಮೇಲೆ ಇನ್ನೊಬ್ಬರಿಗೆ ಮಜ್ಜೆಯನ್ನು ದಾನಮಾಡುವುದು ಅವಿವೇಕವಲ್ಲವೆ? ಅಲ್ಲ. ದಾನಿಯಿಂದ ತೆಗೆಯುವುದು ಅವನ ಆಕರಕೋಶಗಳಲ್ಲಿ ಒಂದು ಸಣ್ಣ ಅಂಶವನ್ನು ಮಾತ್ರ. ಆ ಕೊರತೆ ಕೆಲವೇ ವಾರಗಳಲ್ಲಿ ತುಂಬುತ್ತದೆ. ಈಗ ಬಹುಪಾಲು ದಾನಿಗಳಿಗೆ ನಾಲ್ಕೈದು ದಿನ ಚುಚ್ಚುಮದ್ದು ಕೊಟ್ಟು, ಮಜ್ಜೆಯಿಂದ ರಕ್ತಕ್ಕೆ ಇಳಿದ ಕೋಶಗಳನ್ನು ತೋಳಿನಿಂದಲೇ ಸಂಗ್ರಹಿಸುತ್ತಾರೆ. ದಾನಿಗಳನ್ನು ಅನೇಕ ವರ್ಷಗಳವರೆಗೆ ಗಮನಿಸಿದ ಅಧ್ಯಯನಗಳಲ್ಲಿ ಅವರಿಗೆ ರಕ್ತದ ಕ್ಯಾನ್ಸರು ಇತರರಿಗಿಂತ ಹೆಚ್ಚಾಗಿ ಬಂದುದು ಕಂಡಿಲ್ಲ. ಪಡೆಯುವವನ ವಿಷಯದಲ್ಲಾದರೋ ಅದು ಜೀವಮರಣದ ಪ್ರಶ್ನೆ. ಡೊನಾಲ್ ತಾಮಸ್ 1957ರಲ್ಲಿ ಆರಂಭಿಸಿದ ಈ ಚಿಕಿತ್ಸೆಗಾಗಿ 1990ರಲ್ಲಿ ನೊಬೆಲ್ ಬಹುಮಾನವನ್ನು ಪಡೆದರು. ನಮ್ಮ ದೇಶದಲ್ಲಿ ಅದು 1983ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಮೊದಲಾಯಿತು.

ಒಡಹುಟ್ಟಿದ ಒಬ್ಬೊಬ್ಬರೂ ಪೂರ್ಣವಾಗಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು ಮಾತ್ರ. ಮನೆಯಲ್ಲಿ ದೊರೆಯದಿದ್ದರೆ ಹೊರಗೆ ಹುಡುಕಬೇಕು. ಈ ಹೊಂದಾಣಿಕೆಯು ವಂಶಪರಂಪರೆಯನ್ನು ಅನುಸರಿಸುವುದರಿಂದ, ಕನ್ನಡನಾಡಿನ ರೋಗಿಗೆ ತಕ್ಕ ದಾನಿಯು ಯೂರೋಪಿನ ಪಟ್ಟಿಗಳಲ್ಲಿ ಸಿಕ್ಕುವುದಕ್ಕಿಂತ ಇದೇ ನೆಲದ ಜನರಲ್ಲಿ ಸಿಕ್ಕುವ ಸಂಭವವೇ ಹೆಚ್ಚು. ನಮ್ಮ ದೇಶದಲ್ಲಿಯೂ ದಾನಿಗಳ ನೋಂದಣಿ ಪಟ್ಟಿಗಳಿವೆ. ಹದಿನೆಂಟು ತುಂಬಿದ ಆರೋಗ್ಯವಂತರು ಕೆನ್ನೆಯ ಒಳಗಿನಿಂದ ಹತ್ತಿಯಲ್ಲಿ ಒರಸಿದ ಮಾದರಿಯನ್ನು ಕೊಟ್ಟು ಹೆಸರನ್ನು ದಾಖಲಿಸಬಹುದು. ಕಾಲೇಜಿನ ವಿದ್ಯಾರ್ಥಿಗಳು ಈ ಬಗ್ಗೆ ತಂದೆತಾಯಿಯರೊಡನೆ ಮಾತನಾಡಿ, ತಿಳಿದವರನ್ನು ಕೇಳಿ, ಚೆನ್ನಾಗಿ ಯೋಚಿಸಿ ಹೆಸರು ಕೊಡಬೇಕು. ಕೊಟ್ಟ ಮೇಲೆ ಕರೆ ಬಂದಾಗ ಹಿಂಜರಿಯಬಾರದು. ಅಷ್ಟು ಹೊತ್ತಿಗೆ ರೋಗಿಯ ಸ್ವಂತ ಮಜ್ಜೆಯನ್ನು ಔಷಧಗಳಿಂದ ಅಳಿಸಿರಬಹುದು. ಆಗ ದಾನಿಯು ಮಾತು ತಪ್ಪಿದರೆ ಆ ರೋಗಿಗೆ ಬೇರೆ ದಾರಿ ಇರುವುದಿಲ್ಲ. ನೆರೆಯವನ ಹೊಲ ಬೀಡುಬಿದ್ದಾಗ ತನ್ನ ಬೀಜದಲ್ಲಿ ಒಂದು ಬೊಗಸೆಯನ್ನು ಕೊಡುವ ಪದ್ಧತಿ ನಮ್ಮ ರೈತರಿಗೆ ಹೊಸದಲ್ಲ. ಅದನ್ನೇ ನಮ್ಮ ತರುಣರು ಇಲ್ಲಿಯೂ ನಡೆಸಲೆಂಬುದು ನಮ್ಮ ಅಪೇಕ್ಷೆ.